ವರ್ಸೇಲ್ಸಿನ ಕಾರಂಜಿಗಳಿಗೆ ನೀರು ಏರಿದ ಬಗೆ

ಪ್ಯಾರಿಸಿನ ನೈಋತ್ಯಕ್ಕಿರುವ ಲೋಕಪ್ರಸಿದ್ಧವಾದ ವರ್ಸೇಲ್ಸ್ ಅರಮನೆಯು ಮೊದಲಿಗೆ ಬೇಟೆಯ ಬಿಡದಿಯಾಗಿದ್ದಿತು. ಹದಿಮೂರನೆಯ ಲೂಯಿ ದೊರೆಯು 1623ರಲ್ಲಿ ಅಲ್ಲಿ ಸಣ್ಣದೊಂದು ಮನೆಯನ್ನು ಕಟ್ಟಿಸಿದನು. ಸುತ್ತಲೂ ಕಾಡು, ಜೌಗು, ಬೇಕಾದಷ್ಟು ಮೃಗಗಳು. ಬೇಟೆಗಾರನಿಗೆ ಇಷ್ಟು ಸಾಕು. ಅವನ ಮಗ ಹದಿನಾಲ್ಕನೆಯ ಲೂಯಿಗೆ ಇದು ಸಾಲಲಿಲ್ಲ. 1661ರಿಂದ ಅವನು ಆ ಬಿಡದಿಯನ್ನೇ ಅರಮನೆಯಾಗಿ ಬೆಳೆಸತೊಡಗಿದನು. ಆಂದ್ರೆ ಲ ನೋತ್ರ್ ಎಂಬ ಉದ್ಯಾನಶಿಲ್ಪಿಯು ನೆಲವನ್ನು ತಿದ್ದಿ, ನೇರವಾದ ಸಾಲುದಾರಿಗಳನ್ನೂ ಕೊಳಗಳನ್ನೂ ಕಾರಂಜಿಗಳನ್ನೂ ರಚಿಸಿದನು.

ಕಾರಂಜಿಗೆ ಬರಿಯ ನೀರಿದ್ದರೆ ಸಾಲದು, ಎತ್ತರದಲ್ಲಿರುವ ನೀರು ಬೇಕು. ನೀರನ್ನೊದಗಿಸುವ ತೊಟ್ಟಿಯ ಮಟ್ಟವನ್ನು ಮೀರಿ ಚಿಲುಮೆಯು ಏರಲಾರದು. ಘರ್ಷಣೆಯ ದೆಸೆಯಿಂದ ಆ ಮಟ್ಟವನ್ನೂ ಅದು ಮುಟ್ಟುವುದಿಲ್ಲ. ವರ್ಸೇಲ್ಸಿನ ಬಳಿ ದೊಡ್ಡ ನದಿಯಿಲ್ಲ. ಸೇನ್ ನದಿಯು ದೂರದಲ್ಲಿ, ಬಹಳ ತಗ್ಗಿನಲ್ಲಿ ಹರಿಯುತ್ತದೆ. ಆದುದರಿಂದ ಎಲ್ಲ ಕಾರಂಜಿಗಳೂ ಒಟ್ಟಿಗೆ ಚಿಮ್ಮುವಂತಿರಲಿಲ್ಲ. ದೊರೆಯು ವಿಹರಿಸುತ್ತ ಬಂದಂತೆ ಕೆಲಸದವರು ಸಿಳ್ಳೆಯ ಸನ್ನೆಯಿಂದ ಮುಂದಿನ ಕಾರಂಜಿಯನ್ನು ತೆರೆದು, ಅವನು ದಾಟಿದೊಡನೆ ಹಿಂದಿನದನ್ನು ಮುಚ್ಚುತ್ತಿದ್ದರು!

ಈ ಕೊರತೆಯನ್ನು ನೀಗಲು 1681ರಿಂದ 1684ರವರೆಗೆ ಸೇನ್ ನದಿಯ ಮೇಲೆ ಮಾರ್ಲಿ ಯಂತ್ರವನ್ನು ಕಟ್ಟಲಾಯಿತು. ಇದನ್ನು ನಿರ್ಮಿಸಿದವನು ಲಿಯೇಜ್ ಸೀಮೆಯ ಬಡಗಿ ರೆನ್ಕ್ಯಾಂ ಸುವಾಲೆಮ್. ನದಿಯ ಹರಿವಿನಿಂದ ತಿರುಗುವ ಸುಮಾರು 12 ಮೀಟರು ವ್ಯಾಸದ 14 ಚಕ್ರಗಳು ಇನ್ನೂರಕ್ಕೂ ಹೆಚ್ಚು ಪಂಪುಗಳನ್ನು ನಡೆಸುತ್ತಿದ್ದುವು. ನೀರು ಏರಬೇಕಾದ ಎತ್ತರ ಸುಮಾರು 160 ಮೀಟರು. ಹತ್ತು ಮೀಟರು ನೀರಿನ ಕಂಬವು ಹೆಚ್ಚುಕಡಮೆ ಒಂದು ವಾಯುಭಾರಕ್ಕೆ ಸಮವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದೇ ನೆಗೆತಕ್ಕೆ ಏರಿಸಿದರೆ ಕೊಳವೆಯ ತಳದಲ್ಲಿ 16 ವಾಯುಭಾರಗಳ ಒತ್ತಡ! ಅಂದಿನ ಕೊಳವೆಗಳು ಇದನ್ನು ತಡೆಯಲಾರವು. ಆದುದರಿಂದ ಗುಡ್ಡದ ಮೇಲೆ ನಡುನಡುವೆ ಎರಡು ಕಡೆ ತೊಟ್ಟಿಗಳನ್ನಿರಿಸಿ, ಮೂರು ಮೆಟ್ಟಿಲುಗಳಲ್ಲಿ ನೀರನ್ನೇರಿಸಿದರು. ಮೇಲಣ ಪಂಪುಗಳಿಗೆ ಶಕ್ತಿಯನ್ನು ಒಯ್ದುದು ಹಿಂದಕ್ಕೂ ಮುಂದಕ್ಕೂ ಜಗ್ಗುವ ಕಬ್ಬಿಣದ ಸರಳುಗಳ ಸಾಲು. ಶಕ್ತಿಯ ಬಹುಭಾಗವು ಅಲ್ಲಿಯೇ ಘರ್ಷಣೆಯಲ್ಲಿ ಕಳೆದುಹೋಗುತ್ತಿದ್ದಿತು.

ಫಲವೆಷ್ಟು? ದಿನಕ್ಕೆ ಸುಮಾರು 3,200 ಘನಮೀಟರು, ಎಂದರೆ 32 ಲಕ್ಷ ಕಿಲೋಗ್ರಾಂ ನೀರು. ಇದನ್ನು 9.8ರಿಂದಲೂ 160ರಿಂದಲೂ ಗುಣಿಸಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 58,000 ವಾಟ್ ಬರುತ್ತದೆ, ಅಶ್ವಸಾಮರ್ಥ್ಯದಲ್ಲಿ 78. ಇಂದಿನ ಸಾಧಾರಣ ಮೋಟಾರುಕಾರಿನ ಎಂಜಿನ್ನಿಗೆ ಇರುವುದೂ ಇಷ್ಟೇ! ಆ ನೀರಿನಲ್ಲಿಯೂ ಒಂದು ಪಾಲು ಮಾರ್ಲಿಯ ಅರಮನೆಗೆ ಹೋಗುತ್ತಿದ್ದಿತು.

ಬಳಿಕ ಪಂಪಿನ ಹಂಗೇ ಇಲ್ಲದ ಉಪಾಯವೊಂದು ಹೊಳೆಯಿತು. ಗಣಿತಜ್ಞ ಲ ಹೀರ್ ಮಟ್ಟವನ್ನಳೆದು ನೋಡಲು, ದೂರದ ಯೂರ್ ನದಿಯು ಮೇಲ್ಭಾಗದಲ್ಲಿ ವರ್ಸೇಲ್ಸಿಗಿಂತ ಎತ್ತರದಲ್ಲಿರುವುದು ಕಂಡುಬಂದಿತು. ಅಲ್ಲಿಂದ ಸುಮಾರು 80 ಕಿಲೋಮೀಟರು ಇಳಿಜಾರಾದ ಕಾಲುವೆಯನ್ನು ತಂದರೆ ಗುರುತ್ವಾಕರ್ಷಣೆಯೇ ನೀರನ್ನು ಮುಟ್ಟಿಸುವುದು. ತತ್ತ್ವದಲ್ಲಿ ದೋಷವಿರಲಿಲ್ಲ, ನಡುವಣ ಕಣಿವೆಯನ್ನು ದಾಟಿಸಲು ಭಾರಿ ಕಮಾನುಗಳ ಮೇಲ್ಗಾಲುವೆ ಬೇಕಾಯಿತು. 1685ರಲ್ಲಿ ಸಾವಿರಾರು ಸೈನಿಕರನ್ನು ಮಣ್ಣಗೆಯಲು ಹಚ್ಚಿದರು. ಜೌಗಿನ ಜ್ವರಕ್ಕೆ ಸಿಕ್ಕಿ ಅವರಲ್ಲಿ ಬಹುಮಂದಿ ಸತ್ತರು. ಕಾರಂಜಿಗಾಗಿ ತೆತ್ತ ಈ ಬೆಲೆಯು ಯಾವ ಸೂತ್ರಕ್ಕೂ ಸಿಕ್ಕುವುದಲ್ಲ. 1688ರಲ್ಲಿ ಯುದ್ಧವೊದಗಿ ಉಳಿದವರನ್ನು ಅತ್ತ ಕಳುಹಿಸಲಾಯಿತು. ಅರೆಗಟ್ಟಿದ ಕಮಾನುಗಳು ಮೇಂತನೋನ್ ಎಂಬಲ್ಲಿ ಇಂದಿಗೂ ನಿಂತಿವೆ; ಯೂರ್ ನದಿಯ ನೀರು ವರ್ಸೇಲ್ಸನ್ನು ತಲುಪಲೇ ಇಲ್ಲ.