ಇ-ಸಿಗರೇಟು ನಿಷೇಧ: ಗ್ರಾಹಕನಿಗೆ ರಸೀದಿಯಿಲ್ಲ, ವರ್ತಕನಿಗೆ ರಕ್ಷಣೆಯಿಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ – ಈ ನಾಲ್ಕು ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವಾಗಿದೆ. ಶ್ರೀರಂಗಪಟ್ಟಣಕ್ಕೂ ಕೃಷ್ಣರಾಜಸಾಗರಕ್ಕೂ ಪ್ರವಾಸಿಗರು, ಮೇಲುಕೋಟೆಗೆ ಯಾತ್ರಿಕರು, ಆದಿಚುಂಚನಗಿರಿಯ ವಿದ್ಯಾಸಂಸ್ಥೆಗಳಿಗೆ ಹೊರ ಊರಿನ ವಿದ್ಯಾರ್ಥಿಗಳು ನಿತ್ಯವೂ ಬಂದುಹೋಗುತ್ತಾರೆ. ಇವರನ್ನು ನಂಬಿಕೊಂಡು ಬಸ್ ನಿಲ್ದಾಣ ಹಾಗೂ ಹೆದ್ದಾರಿಗಳ ಮಗ್ಗುಲಲ್ಲಿ ಬೇಕರಿ, ಬೀಡಾ ಅಂಗಡಿ, ಮೊಬೈಲ್ ಬಿಡಿಭಾಗಗಳ ಮಳಿಗೆಗಳು ನಡೆಯುತ್ತಿವೆ. ಪೆನ್ನಿನಂತೆಯೋ ಬಣ್ಣದ ಪುಟ್ಟ ಡಬ್ಬಿಯಂತೆಯೋ ಕಾಣುವ, ಮಾವು ಅಥವಾ ಪುದೀನದ ಸುವಾಸನೆಯುಳ್ಳ, ಬಳಸಿ ಎಸೆಯುವ ‘ವೇಪ್’ ಎಂಬ ಸರಕನ್ನು ಇಂತಹ ಮಳಿಗೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಮಿಷ ಬಂದರೆ ವರ್ತಕನು ಏನು ಹೇಳಬೇಕು? ಕೇಳಿ ಬಂದ ಗ್ರಾಹಕನಿಗೆ ಏನು ತಿಳಿಸಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಇಂದು ಅವಶ್ಯ.

ಕಾನೂನು ಬಂದ ಬಗೆ

ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಿನಲ್ಲಿಯೇ ಇ-ಸಿಗರೇಟುಗಳನ್ನು ನಿಷೇಧಿಸಿತ್ತು. 2019ರ ಮೇ ತಿಂಗಳಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇವುಗಳ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಸಂಸತ್ತಿನ ಕಾಯ್ದೆಯಾಯಿತು.

ಈ ಕಾಯ್ದೆಯ ವ್ಯಾಪ್ತಿ ವಿಶಾಲವಾದುದು. ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು ಎಲ್ಲವೂ ನಿಷಿದ್ಧ. ಅಂತರ್ಜಾಲದ ಮೂಲಕ ನಡೆಯುವ ಮಾರಾಟವೂ ಇದರಲ್ಲಿ ಸೇರಿದೆ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಪರಾಧ ಮರುಕಳಿಸಿದರೆ 3 ವರ್ಷದವರೆಗೆ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡವಿದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಹೋಗಲಾಡಿಸಬೇಕಾಗಿದೆ. ‘ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಸುವಾಸನೆ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲದು. ನಿಕೋಟಿನ್ ಇರಲಿ ಇಲ್ಲದಿರಲಿ, ದ್ರವ್ಯವನ್ನು ಬಿಸಿಮಾಡಿ ಸೇದಲು ಆವಿ ಒದಗಿಸುವ ವಿದ್ಯುನ್ಮಾನ ಸಾಧನಗಳೆಲ್ಲವೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಇ-ಹುಕ್ಕಾ ಕೂಡ ಹೊರತಲ್ಲ. ಎರಡನೆಯದಾಗಿ, ‘ನಾನು ಮಾರುತ್ತಿಲ್ಲ, ಮೂಲೆಯಲ್ಲಿ ಇಟ್ಟುಕೊಳ್ಳಲು ಜಾಗ ಕೊಟ್ಟಿದ್ದೇನೆ’ ಎಂಬ ಸಮಾಧಾನವೂ ಸಲ್ಲದು. ತಿಳಿದೂ ತಿಳಿದು ತನ್ನ ಮಳಿಗೆಯನ್ನೋ ಗೋದಾಮನ್ನೋ ದಾಸ್ತಾನಿಗೆ ಬಿಟ್ಟುಕೊಟ್ಟವನಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಗೋದಾಮು ಬಾಡಿಗೆಗೆ ಕೊಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಗ್ರಾಹಕನ ಪಾಡು

ಕಾಯ್ದೆಯು ಬಳಸುವವನಿಗೆ ಪ್ರತ್ಯೇಕ ಶಿಕ್ಷೆಯನ್ನು ಹೇಳಿಲ್ಲ. ಹಾಗೆಂದು ಅವನು ಸುರಕ್ಷಿತನಲ್ಲ. ವಿದೇಶದಿಂದ ಬರುವ ಬಂಧುವಿನ ಮೂಲಕ ಒಂದು ವೇಪ್ ತರಿಸಿಕೊಂಡರೂ ಅದು ನಿಷಿದ್ಧ ಸರಕಿನ ಆಮದೇ ಆಗುತ್ತದೆ. ಕದ್ದುಮುಚ್ಚಿ ಕೊಂಡ ಸರಕಿಗೆ ರಸೀದಿಯಿಲ್ಲ, ನಂಬಬಹುದಾದ ಗರಿಷ್ಠ ಮಾರಾಟ ಬೆಲೆಯಿಲ್ಲ, ತಯಾರಕನ ವಿಳಾಸವಿಲ್ಲ. ಒಳಗಿನ ದ್ರವದಲ್ಲಿ ಏನಿದೆ, ನಿಕೋಟಿನ್ ಎಷ್ಟಿದೆ ಎಂಬುದನ್ನು ಪರೀಕ್ಷಿಸಿದವರಿಲ್ಲ. ಒಂದು ಬಿಸ್ಕತ್ತಿನ ಪೊಟ್ಟಣ ಕೆಟ್ಟಿದ್ದರೆ ಅಂಗಡಿಯವನನ್ನು ಕೇಳಬಹುದು, ಅವನು ಒಪ್ಪದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು. ವೇಪ್ ಕೊಂಡವನ ಬಳಿ ದೂರಿಗೆ ಬೇಕಾದ ಮೊದಲ ಕಾಗದವೇ ಇರುವುದಿಲ್ಲ.

ನಿಷೇಧದ ಬಗ್ಗೆ ಆಕ್ಷೇಪಣೆಯೂ ಇಲ್ಲದಿಲ್ಲ. ಸಿಗರೇಟು, ಬೀಡಿಗಳಿಗೆ ಪರವಾನಗಿಯಿದ್ದು ಇದಕ್ಕೆ ಮಾತ್ರ ನಿಷೇಧವೇಕೆ, ಸಿಗರೇಟು ಬಿಡಲು ಇದು ಕೆಲವರಿಗೆ ನೆರವಾಗುತ್ತಿತ್ತಲ್ಲವೇ ಎಂಬುದು ಆ ವಾದ. ಹೊಸ ಚಟವೊಂದು ಎಳೆಯರಲ್ಲಿ ಬೇರೂರುವ ಮುನ್ನವೇ ತಡೆಯಬೇಕೆಂಬುದು ಸರ್ಕಾರದ ನಿಲುವು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 28.6 ಮಂದಿ ತಂಬಾಕು ಬಳಸುತ್ತಿದ್ದರೆ, ಇ-ಸಿಗರೇಟು ಬಳಸುವವರು ಶೇ. 0.02 ಮಾತ್ರ ಇದ್ದರು. ವಾದ ಏನೇ ಇರಲಿ, ಚಟ ಬಿಡಬಯಸುವ ಗ್ರಾಹಕನಿಗೆ ಕಾನೂನುಬದ್ಧ ದಾರಿಗಳಿವೆ. ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ದೊರೆಯುತ್ತದೆ. 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯಲ್ಲಿ ಸಲಹೆಯೂ ಲಭ್ಯ.

ಅನ್ಯ ದೇಶಗಳ ನಿಷೇಧಕ್ಕೂ ನಮ್ಮದಕ್ಕೂ ವ್ಯತ್ಯಾಸ

2025ರ ಜನವರಿ 1ರಿಂದ ಬೆಲ್ಜಿಯಂ, ಜೂನ್ 1ರಿಂದ ಬ್ರಿಟನ್ ಬಳಸಿ ಎಸೆಯುವ ವೇಪ್‌ಗಳನ್ನು ನಿಷೇಧಿಸಿವೆ. ಪತ್ರಿಕೆಗಳಲ್ಲಿ ಇದನ್ನು ಓದಿದ ಕೆಲವರು ‘ಮರುಬಳಕೆಯದಾದರೆ ಅಡ್ಡಿಯಿಲ್ಲ’ ಎಂದು ಭಾವಿಸುವ ಸಂಭವವಿದೆ. ಬ್ರಿಟನ್ನಿನಲ್ಲಿ ಅದು ನಿಜ. ಅಲ್ಲಿ ಮತ್ತೆ ತುಂಬಿ ಬಳಸುವ ಸಾಧನಗಳು ಅಂಗಡಿಯಲ್ಲಿ ದೊರೆಯುತ್ತವೆ, ಹಳೆಯವನ್ನು ವರ್ತಕರು ಹಿಂದಕ್ಕೆ ಪಡೆಯುವ ಹೊಣೆಯೂ ಇದೆ. ಭಾರತದ ಕಾಯ್ದೆಯು ಅಂತಹ ಭೇದವೆಣಿಸದೆ ಎರಡನ್ನೂ ನಿಷೇಧಿಸಿದೆ.

ಹಿಂದಕ್ಕೆ ಪಡೆಯುವ ವಿಷಯವೂ ಸಣ್ಣದಲ್ಲ. ಈ ಡಬ್ಬಿಗಳೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ನಿಷಿದ್ಧ ಸರಕಿಗೆ ಕಾನೂನಿನ ಕಣ್ಣಿನಲ್ಲಿ ಉತ್ಪಾದಕನೇ ಇಲ್ಲವಾದ್ದರಿಂದ ಅದು ಕಸದ ಗಾಡಿಗೋ ಗುಜರಿ ಅಂಗಡಿಗೋ ಸೇರುತ್ತದೆ. ಜಜ್ಜಿದರೆ, ಸುಟ್ಟರೆ ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಸಬಲ್ಲದು. ಗುಜರಿ ವ್ಯಾಪಾರಿಗಳು ಇಂತಹ ಡಬ್ಬಿಗಳನ್ನು ಇತರ ಪ್ಲಾಸ್ಟಿಕ್ಕಿನೊಡನೆ ಬೆರೆಸಬಾರದು.

ಗುಟ್ಕಾ ಕಲಿಸಿದ ಪಾಠ

2013ರ ಮೇ 31ರಂದು ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರುಕಟ್ಟೆಗೆ ಬಂದು, ಎರಡನ್ನೂ ಬೆರೆಸುವ ಕೆಲಸ ಗ್ರಾಹಕನ ಅಂಗೈಗೆ ಬಿತ್ತು. ಆದೇಶವೊಂದರಿಂದಲೇ ಬೇಡಿಕೆ ಅಳಿಯದೆಂಬುದು ಇದರಿಂದ ಸ್ಪಷ್ಟ. ನಿಷೇಧ ಫಲಿಸುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ‘ಇಲ್ಲ’ ಎನ್ನುವವರಿದ್ದಾಗ ಮಾತ್ರ.

ಈ ನಡುವೆ ತಂಬಾಕು ಮಾರಾಟದ ನಿಯಮಗಳೂ ರಾಜ್ಯದಲ್ಲಿ ಬಿಗಿಯಾಗಿವೆ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕರ್ನಾಟಕದ ತಿದ್ದುಪಡಿ ಕಾಯ್ದೆಯಂತೆ 21 ವರ್ಷದೊಳಗಿನವರಿಗೆ ಸಿಗರೇಟು ಮತ್ತಿತರ ತಂಬಾಕು ಪದಾರ್ಥಗಳನ್ನು ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ, ಶಾಲಾ–ಕಾಲೇಜುಗಳ 100 ಮೀಟರ್ ಒಳಗೆ ಮಾರಾಟ ಕೂಡದು. ಹುಕ್ಕಾ ಬಾರ್‌ಗಳೂ ನಿಷಿದ್ಧ.

ವರ್ತಕರು ಅನುಸರಿಸಬೇಕಾದ ಕ್ರಮಗಳು ಸರಳ. ಬಿಲ್ಲಿಲ್ಲದೆ ಬರುವ ಯಾವ ವಿದ್ಯುನ್ಮಾನ ಸಾಧನವನ್ನೂ ಮಳಿಗೆಗೆ ಸೇರಿಸಬಾರದು. ಮಾಲೀಕರಿಲ್ಲದ ವೇಳೆ ಅಂಗಡಿ ನೋಡಿಕೊಳ್ಳುವ ಹುಡುಗರಿಗೆ ಈ ಸರಕಿನ ಗುರುತು ತಿಳಿಸಿರಬೇಕು. ಗೋದಾಮಿನ ಬಾಡಿಗೆ ಕರಾರಿನಲ್ಲಿ ನಿಷಿದ್ಧ ಸರಕಿನ ದಾಸ್ತಾನು ಕೂಡದೆಂಬ ಷರತ್ತನ್ನು ಬರೆಸಬೇಕು. ಕಾಯ್ದೆಯಡಿ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಗೂ ಶೋಧನೆಯ ಅಧಿಕಾರವಿರುವುದನ್ನು ನೆನಪಿಡಬೇಕು.

ಸರಬರಾಜು ಮಾಡುವವನು ಬೇರೆ ಊರಿಗೆ ಹೋದರೂ ಪಟ್ಟಣದ ವರ್ತಕನು ಅದೇ ಬೀದಿಯಲ್ಲಿ, ಅದೇ ಹೆಸರಿನಲ್ಲಿ ನಾಳೆಯೂ ಬಾಗಿಲು ತೆರೆಯಬೇಕಾದವನು. ಕೊಳ್ಳಲು ಬರುವ ಎಳೆಯನು ಆ ಬೀದಿಯ ಪರಿಚಯದವರ ಮಗನೇ ಆಗಿರಬಹುದು. ಒಂದು ಡಬ್ಬಿಯ ಲಾಭಾಂಶಕ್ಕಾಗಿ ಸೆರೆವಾಸದ ಭಯವನ್ನೂ ನೆರೆಯವರ ಅವಿಶ್ವಾಸವನ್ನೂ ಕೊಂಡುಕೊಳ್ಳುವುದು ಯಾವ ಲೆಕ್ಕದಲ್ಲೂ ವ್ಯಾಪಾರವೆನಿಸದು.