ತೆರಿಗೆ ಮಾರಾಟದ ಮೇಲೆ, ಕ್ಯೂಆರ್ ಕೋಡಿನ ಮೇಲಲ್ಲ

'ಯುಪಿಐ ತಗೊಂಡ್ರೆ ಜಿಎಸ್‌ಟಿ ಬೀಳುತ್ತೆ, ಕ್ಯಾಶ್ ತಗೊಂಡ್ರೆ ಏನೂ ಇಲ್ಲ.' 2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಹುಟ್ಟಿಕೊಂಡ ಈ ಮಾತು ಇವತ್ತಿಗೂ ಸತ್ತಿಲ್ಲ. ಗಾಜಿನ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡನ್ನು ಉಗುರಿನಿಂದ ಕೆರೆದು ಕಿತ್ತು, ಅದೇ ಜಾಗದಲ್ಲಿ ಬಿಸ್ಕತ್ ಡಬ್ಬದ ರಟ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಎಂದು ಬರೆದು ತೂಗುಹಾಕಿದರು. ಬೆಳಗ್ಗೆ ಐದಕ್ಕೇ ಬಾಗಿಲು ತೆಗೆದು ರಾತ್ರಿ ಹತ್ತರವರೆಗೆ ನಿಂತೇ ದುಡಿಯುವವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಓದಿ ಬರೆದವರು, ಸಂಬಳದ ಚೀಟಿಯಲ್ಲಿ ತೆರಿಗೆ ಕಡಿತವನ್ನು ಪ್ರತಿ ತಿಂಗಳೂ ನೋಡುವವರು, ಟಿವಿಯಲ್ಲಿ ಕೂತು ಚರ್ಚೆ ಮಾಡುವವರು ಕೂಡ ಇದನ್ನೇ ಸತ್ಯವೆಂದು ಸಾರಿದ್ದನ್ನು ಒಪ್ಪಿಕೊಳ್ಳಲು ಆಗುವುದಿಲ್ಲ.

ಆಗಿದ್ದಿಷ್ಟು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಪಾವತಿಗಳ ಮಾಹಿತಿಯನ್ನು ಪಾವತಿ ಸೇವೆ ಕೊಡುವ ಕಂಪನಿಗಳಿಂದ ತರಿಸಿಕೊಂಡಿತು. ಯಾರ ಖಾತೆಗೆ ಮಿತಿ ಮೀರಿ ಹಣ ಬಂದಿದೆಯೋ, ಆದರೂ ಜಿಎಸ್‌ಟಿ ನೋಂದಣಿ ಇಲ್ಲವೋ, ಅವರಿಗೆಲ್ಲ ನೋಟಿಸ್ ಹೋಯಿತು. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆ ಕೊಡುವವರಿಗೆ 20 ಲಕ್ಷ, ಇದು ಮಿತಿ. ಯುಪಿಐ ದಾಖಲೆ ಆಧಾರದಲ್ಲಿ ನೋಟಿಸ್ ಬಂತು, ಆದ್ದರಿಂದ ಯುಪಿಐ ಮೇಲೇ ತೆರಿಗೆ ಎಂದು ಜನ ತೀರ್ಮಾನಿಸಿದರು. ಇಡೀ ತಪ್ಪು ಇರುವುದು ಇಲ್ಲೇ. ಯುಪಿಐ ಇಲಾಖೆಯ ಕಣ್ಣಿಗೆ ಬಿದ್ದ ದಾಖಲೆ ಅಷ್ಟೇ. ತೆರಿಗೆ ಬೀಳುವುದು ಮಾರಾಟದ ಮೇಲೆ. ಗಿರಾಕಿ ನೋಟು ಕೊಡಲಿ, ಚೆಕ್ ಕೊಡಲಿ, ಫೋನಿನಲ್ಲಿ ಸ್ಕ್ಯಾನ್ ಮಾಡಲಿ, ಸಾಲ ಬರೆಸಿ ತಿಂಗಳ ಕೊನೆಗೆ ತೀರಿಸಲಿ, ಕಾನೂನಿನ ಕಣ್ಣಿನಲ್ಲಿ ಎಲ್ಲವೂ ಒಂದೇ ವಹಿವಾಟು.

20 ಲಕ್ಷ ಎಂದರೆ ದೊಡ್ಡ ಮೊತ್ತದಂತೆ ಕೇಳಿಸುತ್ತದೆ. 365ರಿಂದ ಭಾಗಿಸಿ ನೋಡಿ, ದಿನಕ್ಕೆ 5,480 ರೂಪಾಯಿ. ಕಾನೂನಿನ ಪ್ರಕಾರ ಹೋಟೆಲು, ಟೀ ಅಂಗಡಿಗಳು ಸೇವೆಯ ಲೆಕ್ಕಕ್ಕೆ ಸೇರುತ್ತವೆ. 15 ರೂಪಾಯಿಯ ಟೀಯನ್ನು ದಿನಕ್ಕೆ 365 ಲೋಟ ಮಾರಿದರೆ, ಬೇರೇನನ್ನೂ ಮಾರದಿದ್ದರೂ, ಮಿತಿಯ ಅಂಚಿಗೆ ಬಂದು ನಿಂತಂತೆ. ಮೆಜೆಸ್ಟಿಕ್‌ನಂಥ ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಅದೇನೂ ದೊಡ್ಡ ಸಂಖ್ಯೆಯಲ್ಲ. ಆ 365 ಲೋಟದ ದುಡ್ಡು ಗಲ್ಲಾಪೆಟ್ಟಿಗೆಗೆ ಬಂದರೂ ಮೊಬೈಲಿಗೆ ಬಂದರೂ ನೋಂದಣಿ ಮಾಡಿಸಬೇಕಾದ ಹೊಣೆ ಬದಲಾಗುವುದಿಲ್ಲ. ಅಂಚಿನ ಕೆಳಗಿದ್ದವರು ಬಂದ ಹಣವನ್ನೆಲ್ಲ ಯುಪಿಐನಲ್ಲೇ ಪಡೆದರೂ ಜಿಎಸ್‌ಟಿ ಕಟ್ಟಬೇಕಿಲ್ಲ. ಬೋರ್ಡ್ ತೂಗುಹಾಕಿದವರಲ್ಲಿ ಎಷ್ಟೋ ಮಂದಿ ಇಂಥವರೇ. ಯಾವ ನೋಟಿಸೂ ಬರದೆ, ಬರುವ ಸಂಭವವೂ ಇಲ್ಲದೆ, ಪಕ್ಕದ ಅಂಗಡಿಯವನ ಮಾತು ಕೇಳಿ ಗಿರಾಕಿಗಳನ್ನು ಹಿಂದಕ್ಕೆ ಕಳಿಸಿದರು.

ನಗದು ಕಾಣಿಸುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ನಗದು ಜಮೆಯಾದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಲೇಬೇಕು. ದುಡ್ಡನ್ನು ಬ್ಯಾಂಕಿಗೇ ಕಟ್ಟುವುದಿಲ್ಲ ಎನ್ನುವವರು ನಾಳೆ ಮಗಳ ಕಾಲೇಜು ಫೀಜಿಗೋ ಅಂಗಡಿ ದೊಡ್ಡದು ಮಾಡಲಿಕ್ಕೋ ಸಾಲ ಕೇಳಲು ಹೋದಾಗ ಯಾವ ಲೆಕ್ಕ ತೋರಿಸುತ್ತಾರೆ? ಬೀದಿಬದಿ ವ್ಯಾಪಾರಿಗಳು ಡಿಜಿಟಲ್ ಪಾವತಿ ಪಡೆಯಲಿ ಎಂದು ಪಿಎಂ ಸ್ವನಿಧಿ ಯೋಜನೆಯಲ್ಲಿ ಕ್ಯಾಶ್‌ಬ್ಯಾಕ್ ಕೊಟ್ಟಿದ್ದು ಸರ್ಕಾರವೇ. ಹೀಗೆ ಕಟ್ಟಿದ ದಾಖಲೆಯನ್ನು ಒಂದು ಗಾಳಿಸುದ್ದಿಗೆ ಹೆದರಿ ಕೆಡವುವುದೆಂದರೆ ತಮ್ಮ ಕಾಲಿಗೆ ತಾವೇ ಕಲ್ಲು ಎತ್ತಿಹಾಕಿಕೊಂಡಂತೆ.

ಇಷ್ಟು ಹೇಳಿದರೆ ನಾನು ಇಲಾಖೆಯ ಪರ ಎಂದುಕೊಳ್ಳಬೇಡಿ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ಯುಪಿಐ ವಹಿವಾಟಿನ ಮೇಲೆ 29 ಲಕ್ಷದ ನೋಟಿಸ್ ಬಂದದ್ದು ದೇಶವೆಲ್ಲ ಸುದ್ದಿಯಾಯಿತು. ಭಾಗಿಸಿ ನೋಡಿದರೆ ಅದು ಶೇ 18ಕ್ಕೆ ಹತ್ತಿರ ಬರುತ್ತದೆ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರು ಕೋಟಿ ವಹಿವಾಟು ನಡೆಸಿದರೂ ನೋಂದಣಿ ಮಾಡಿಸಬೇಕಿಲ್ಲ. ಏನು ಮಾರುತ್ತಾರೆ ಎಂದು ನೋಡದೆ ಎಷ್ಟು ಹಣ ಬಂತು ಎಂದಷ್ಟೇ ನೋಡಿ ನೋಟಿಸ್ ಕಳಿಸಿದರೆ ಜನ ಯುಪಿಐಗೇ ತೆರಿಗೆ ಎಂದು ನಂಬದೆ ಇನ್ನೇನು ಮಾಡುತ್ತಾರೆ? ಅಣ್ಣ ಊರಿನಿಂದ ಕಳಿಸಿದ ಹಣ, ಚೀಟಿ ಎತ್ತಿದ ಹಣ, ಕೈಸಾಲ ವಾಪಸು ಬಂದದ್ದು, ಎಲ್ಲವೂ ಅದೇ ನಂಬರಿಗೆ ಬಂದಿರುತ್ತವೆ. ಅವು ವಹಿವಾಟಲ್ಲ. ನೋಟಿಸ್ ಅಂತಿಮ ಆದೇಶವೂ ಅಲ್ಲ, ವಿವರಣೆ ಕೇಳುವ ಕಾಗದ. ಬಂದ ಹಣದಲ್ಲಿ ಮಾರಾಟದ್ದೆಷ್ಟು, ವಿನಾಯಿತಿಯ ಸರಕಿನದ್ದೆಷ್ಟು, ಮನೆಯದ್ದೆಷ್ಟು ಎಂದು ಬಿಡಿಸಿ ಉತ್ತರ ಬರೆಯಬಹುದು. ಈ ಮಾತನ್ನು ಮೊದಲ ದಿನವೇ ಸರಳ ಕನ್ನಡದಲ್ಲಿ ಅಂಗಡಿ ಅಂಗಡಿಗೆ ಮುಟ್ಟಿಸಿದ್ದರೆ ಅರ್ಧ ಗಲಾಟೆ ಆಗುತ್ತಲೇ ಇರಲಿಲ್ಲ.

ನಿಜವಾದ ಸಂಕಟ ಎಲ್ಲಿದೆ ಎಂಬುದು ಒಂದು ಪ್ರಾವಿಷನ್ ಸ್ಟೋರ್ ಲೆಕ್ಕ ಹಾಕಿದರೆ ಕಾಣುತ್ತದೆ. ವರ್ಷದ ವಹಿವಾಟು 50 ಲಕ್ಷ ಅನ್ನಿ. ಅದರಲ್ಲಿ ಹಾಲು, ಬ್ರೆಡ್, ತರಕಾರಿ, ಬಿಡಿ ಅಕ್ಕಿ ಸೇರಿ 20 ಲಕ್ಷ. ಸೋಪು, ಎಣ್ಣೆ, ಬಿಸ್ಕತ್ ಇತ್ಯಾದಿ 30 ಲಕ್ಷ. ಮಿತಿ ಲೆಕ್ಕ ಹಾಕುವಾಗ ವಿನಾಯಿತಿಯ ಸರಕೂ ಸೇರುತ್ತದೆ, ಹಾಗಾಗಿ 40 ಲಕ್ಷ ದಾಟಿತು, ನೋಂದಣಿ ಕಡ್ಡಾಯ. ಆದರೆ ತೆರಿಗೆ 30 ಲಕ್ಷಕ್ಕೆ ಮಾತ್ರ. ಒಂದೂವರೆ ಕೋಟಿವರೆಗಿನ ವಹಿವಾಟಿನವರಿಗೆ ರಾಜಿ ತೆರಿಗೆ ಪದ್ಧತಿ, ಎಲ್ಲರ ಬಾಯಲ್ಲಿರುವಂತೆ ಕಾಂಪೊಸಿಷನ್ ಸ್ಕೀಮ್, ಇದೆ. ವ್ಯಾಪಾರಿಗೆ ಶೇ 1, ಹೋಟೆಲಿಗೆ ಶೇ 5. ಈ ಅಂಗಡಿ ಅದರಲ್ಲಿದ್ದರೆ ವರ್ಷಕ್ಕೆ 30,000, ಅಂದರೆ ತಿಂಗಳಿಗೆ 2,500 ರೂಪಾಯಿ. ನೋಂದಣಿ ಇಲ್ಲದೆ ಸಿಕ್ಕಿಬಿದ್ದು, ಪೂರ್ತಿ 50 ಲಕ್ಷಕ್ಕೆ ಶೇ 18 ಎಂದು ಲೆಕ್ಕ ಹಾಕಿದರೆ ಒಂದೇ ವರ್ಷಕ್ಕೆ 9 ಲಕ್ಷ, ನಾಲ್ಕು ವರ್ಷಕ್ಕೆ 36 ಲಕ್ಷ! ಬಡ್ಡಿ, ದಂಡ ಬೇರೆ. ನೂರಕ್ಕೆ ಐದೋ ಹತ್ತೋ ಉಳಿಯುವ ವ್ಯಾಪಾರದಲ್ಲಿ ಇದನ್ನು ಯಾರು ತಾನೇ ಕಟ್ಟಿಯಾರು?

ಕಾಂಪೊಸಿಷನ್ ಅನುಕೂಲ ಮೊದಲೇ ನೋಂದಣಿ ಮಾಡಿಸಿ ಆಯ್ಕೆ ಮಾಡಿಕೊಂಡವರಿಗೆ ಮಾತ್ರ. ಹಳೆಯ ವರ್ಷಗಳಿಗೆ ಹಿಂದಿರುಗಿ ಅನ್ವಯಿಸುವುದಿಲ್ಲ. ಗೊತ್ತಿಲ್ಲದೆ ಅಂಚು ದಾಟಿದವನಿಗೂ ಗೊತ್ತಿದ್ದೇ ತಪ್ಪಿಸಿಕೊಂಡವನಿಗೂ ತೆರಿಗೆಯ ಮಟ್ಟಿಗೆ ಕಾನೂನು ಒಂದೇ ಲೆಕ್ಕ ಹಾಕುತ್ತದೆ. ಚರ್ಚೆಯಾಗಬೇಕಿದ್ದದ್ದು ಇದು. ಬೀದಿಯಲ್ಲಿ, ಟಿವಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಚರ್ಚೆಯಾದದ್ದು ಮಾತ್ರ ಕ್ಯೂಆರ್ ಕೋಡು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. 40 ಲಕ್ಷ ಎಂದರೆ ಲಾಭವಲ್ಲ, ಒಟ್ಟು ಮಾರಾಟ. ಸಿಗರೇಟು, ಪಾನ್ ಮಸಾಲ, ಐಸ್‌ಕ್ರೀಮ್ ಮಾರುವ ಅಂಗಡಿಗೆ 40 ಲಕ್ಷದ ಮಿತಿಯೇ ಇಲ್ಲ, 20 ಲಕ್ಷವೇ ಗಡಿ. ಇದು ಎಷ್ಟು ಕಾಂಡಿಮೆಂಟ್ಸ್ ಮಾಲೀಕರಿಗೆ ಗೊತ್ತಿದೆಯೋ. 2,000 ರೂಪಾಯಿ ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಹಾಕುತ್ತಾರಂತೆ ಎಂಬುದು 2025ರ ಏಪ್ರಿಲ್‌ನಲ್ಲಿ ಹಬ್ಬಿದ ಸುಳ್ಳು, ಹಣಕಾಸು ಸಚಿವಾಲಯ ಆಗಲೇ ಅಲ್ಲಗಳೆದಿತ್ತು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳಿದರೆ ಕೊಡಬೇಡಿ. ಕಾಂಪೊಸಿಷನ್‌ನಲ್ಲಿರುವ ಅಂಗಡಿಯವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಜಿಎಸ್‌ಟಿಗೆ ಮೊದಲು ಸಣ್ಣ ಅಂಗಡಿಗಳಿಗೆ ತೆರಿಗೆ ಇರಲಿಲ್ಲ ಎನ್ನುವವರು ಮೌಲ್ಯವರ್ಧಿತ ತೆರಿಗೆಯ ಕಾಲವನ್ನು ಮರೆತಿದ್ದಾರೆ. ಆಗ ನೋಂದಣಿಯ ಮಿತಿ ಇದಕ್ಕಿಂತ ಬಹಳ ಕೆಳಗಿತ್ತು.

ನನ್ನ ಸಿಟ್ಟು ಇನ್ನೂ ಒಂದಿದೆ. ನೋಟಿಸಿನ ಗದ್ದಲದಲ್ಲಿ ರಾಜ್ಯದ ನಾಯಕರು ಇದು ಕೇಂದ್ರದ ಜಿಎಸ್‌ಟಿ ಎಂದರು, ಕೇಂದ್ರದವರು ನೋಟಿಸ್ ಕೊಟ್ಟದ್ದು ರಾಜ್ಯ ಎಂದರು, ಆಯಾ ಪಕ್ಷದವರು ತಮ್ಮ ನಾಯಕರ ಮಾತನ್ನೇ ಫಾರ್ವರ್ಡ್ ಮಾಡಿದರು. ನೋಟಿಸ್ ಹೊರಟದ್ದು ರಾಜ್ಯದ ಇಲಾಖೆಯಿಂದ, ಕರ್ನಾಟಕದ ವಿಧಾನಮಂಡಲವೇ ಒಪ್ಪಿದ 2017ರ ಜಿಎಸ್‌ಟಿ ಕಾಯ್ದೆಯ ಅಡಿಯಲ್ಲಿ. ಮಿತಿ, ದರಗಳ ಬಗ್ಗೆ ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು, ಎಲ್ಲ ರಾಜ್ಯಗಳ ಮತಕ್ಕೆ ಸೇರಿ ಮೂರನೇ ಎರಡು ಪಾಲು ತೂಕ, ತೀರ್ಮಾನಕ್ಕೆ ನಾಲ್ಕನೇ ಮೂರು ಭಾಗ ಬೇಕು. ಕೇಂದ್ರ ಒಪ್ಪದೆ ಏನೂ ನಡೆಯುವುದಿಲ್ಲ, ರಾಜ್ಯಗಳು ಒಪ್ಪದೆಯೂ ನಡೆಯುವುದಿಲ್ಲ. ಇಬ್ಬರೂ ಕೈತೊಳೆದುಕೊಳ್ಳಲು ಜಾಗವೇ ಇಲ್ಲ. 2016ರ ಆಗಸ್ಟ್ 3ರಂದು ಜಿಎಸ್‌ಟಿ ತರುವ ಸಂವಿಧಾನ ತಿದ್ದುಪಡಿ ಮಸೂದೆ ರಾಜ್ಯಸಭೆಗೆ ಬಂದಾಗ ದರಕ್ಕೆ ಶೇ 18ರ ಗರಿಷ್ಠ ಮಿತಿ ಬೇಕೇ, ರಾಜ್ಯಗಳಿಗಾಗುವ ನಷ್ಟ ತುಂಬಿಕೊಡುವುದು ಹೇಗೆ ಎಂದು ಗಂಟೆಗಟ್ಟಲೆ ವಾದ ನಡೆಯಿತು. ಆ ವಾದಗಳನ್ನು ಒಪ್ಪಬಹುದು, ಬಿಡಬಹುದು, ಆದರೆ ಅವು ಕಾನೂನಿನ ಬಗ್ಗೆ ಇದ್ದವು. ಈಗ ಕಾನೂನು ಒಂದು ಕಡೆ, ನಮ್ಮ ಜಗಳ ಇನ್ನೊಂದು ಕಡೆ. ಯಾರೋ ಕಳಿಸಿದ ಎರಡು ಸಾಲಿನ ಸಂದೇಶವನ್ನು ಕೇಳದೆ ವಿಚಾರಿಸದೆ ನಂಬುವ ಚಾಳಿ ಅಂಗಡಿಯವರದ್ದಷ್ಟೇ ಅಲ್ಲ. ಆಸ್ತಿ ಕೊಳ್ಳುವವರು, ಔಷಧಿ ನುಂಗುವವರು, ಮತ ಹಾಕುವವರು, ಎಲ್ಲರದ್ದೂ ಅದೇ ಆಗಿದೆ.

2025ರ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ವ್ಯಾಪಾರಿಗಳು ಕೊಟ್ಟಿದ್ದ ಬಂದ್ ಕರೆ ವಾಪಸಾಯಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲಿ ಶೇ 12, ಶೇ 28ರ ದರಗಳಲ್ಲಿದ್ದ ಹೆಚ್ಚಿನ ಸರಕುಗಳು ಶೇ 5 ಮತ್ತು 18ಕ್ಕೆ ಬಂದವು. ಆ ಬದಲಾವಣೆಯಲ್ಲಿ ನೋಂದಣಿಯ ಮಿತಿಯನ್ನು ಮುಟ್ಟಲಿಲ್ಲ. ಸೇವೆಯ 20 ಲಕ್ಷದ ಗಡಿ 2017ರಲ್ಲಿ ಹಾಕಿದ್ದು. ಟೀ 10 ರೂಪಾಯಿ ಇದ್ದಾಗ ಆ ಗಡಿ ಮುಟ್ಟಲು ದಿನಕ್ಕೆ 548 ಲೋಟ ಮಾರಬೇಕಿತ್ತು, 15 ಆದಾಗ 365 ಲೋಟ ಸಾಕು. ಒಂದು ಲೋಟವನ್ನೂ ಹೆಚ್ಚು ಮಾರದೆ ಅಂಗಡಿಗಳು ಗಡಿ ದಾಟುತ್ತಿವೆ. ವ್ಯಾಪಾರಿ ಸಂಘಗಳು ಮಂಡಳಿಯ ಮುಂದೆ ಇಡಬೇಕಾದ ಬೇಡಿಕೆ ಎರಡು: ಬೆಲೆ ಏರಿದಂತೆ ಮಿತಿಯೂ ಏರಲಿ, ಮೊದಲ ಸಲ ಗಡಿ ದಾಟಿದವರಿಗೆ ಹಿಂದಿನ ವರ್ಷಗಳಿಗೂ ಕಾಂಪೊಸಿಷನ್ ದರದಲ್ಲೇ ಲೆಕ್ಕ ಚುಕ್ತಾ ಮಾಡಲು ಒಂದು ಅವಕಾಶ ಸಿಗಲಿ. ಆ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ.