ಯಾರ ರಕ್ತ ಯಾರಿಗೆ?

ಅಕ್ಕಾ, ಎಲ್ಲರ ರಕ್ತವೂ ಕೆಂಪು. ಆದರೆ ಎಲ್ಲವೂ ಒಂದೇ ಅಲ್ಲ. ಎ, ಬಿ, ಎಬಿ, ಓ ಎಂಬ ಗುಂಪುಗಳಿವೆ. ಗುಂಪು ಹೆತ್ತವರಿಂದ ಬರುತ್ತೆ. ಜಾತಿ ನೋಡಿ ಹೇಳೋಕಾಗಲ್ಲ.

1952ರಲ್ಲಿ ಮುಂಬಯಿಯಲ್ಲಿ ಡಾ. ಭೆಂಡೆ ತಂಡ ಇನ್ನೊಂದು ಅಪರೂಪದ ಗುಂಪು ಕಂಡುಹಿಡಿಯಿತು. ಅದೇ ಬಾಂಬೆ ಗುಂಪು. ಯುರೋಪಿನಲ್ಲಿ ಇದು ಸುಮಾರು 10 ಲಕ್ಷಕ್ಕೆ ಒಬ್ಬರಿಗೆ. ನಮ್ಮ ದೇಶದಲ್ಲಿ ಸುಮಾರು 10 ಸಾವಿರಕ್ಕೆ ಒಬ್ಬರಿಗೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು.

ಸಾಮಾನ್ಯ ಪರೀಕ್ಷೆಯಲ್ಲಿ ಇದು ಓ ಗುಂಪಿನಂತೆ ಕಾಣುತ್ತೆ. ಆದರೆ ಇವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಬಾಂಬೆ ರಕ್ತವೇ ಬೇಕು. ಅದಕ್ಕೇ ರಕ್ತ ಏರಿಸುವ ಮೊದಲು ಇಬ್ಬರ ರಕ್ತ ಬೆರೆಸಿ ನೋಡ್ತಾರೆ. ಹೊತ್ತಾದರೂ ಅವಸರ ಮಾಡಬೇಡಿ.

ಬಸುರಿಯರು ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ತಾಯಿ ಕಾರ್ಡಿನಲ್ಲಿ ಗುಂಪು ಬರೆಸಿ. ನಿಮಗೀಗ ಓದು ಬರುತ್ತೆ. ನೀವೇ ಓದಿ ನೋಡಿ.